ಕಾನಾ ಊರಿನ ತುಪ್ಪ

ಗುಡಗೇರಿ
ಶುಕ್ರವಾರ, ೧೪ ಫೆಬ್ರುವರಿ ೧೯೭೫

ಧಾರವಾಡದಲ್ಲಿರುವ ನನ್ನ ಯಜಮಾನರಿಗೆ, ಗುಡಗೇರಿ ಕನ್ಯಾಶಾಲೆಯ ಮಾರ್ಥಾಬಾಯಿಯ ವಂದನೆಗಳು.

ನಾನು ನಿಮ್ಮ ಮನೆ ಬಿಟ್ಟು ಬಂದು ಮೂರು ವರ್ಷವಾಯಿತು. ಇಷ್ಟು ದಿನ ಒಂದು ಕಾರ್ಡೂ ಹಾಕದವರು ಈಗ ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ಕ್ಷೇಮ ಸಮಾಚಾರ ಅರ್ಧ ಸಾಲು. ಉಳಿದದ್ದೆಲ್ಲ ನಾನು ಸತ್ಯವೇದದ ಕಥೆ ಹೇಳುವಾಗ ಮಾಡಿದ ತಪ್ಪುಗಳ ಪಟ್ಟಿ, ಅಧ್ಯಾಯ ವಚನ ಸಮೇತ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ, ಹೆಂಡತಿಯೂ ನಿಮಗೆ ತಿದ್ದುವ ಒಂದು ಪ್ರೂಫ್ ಆಗಿಬಿಟ್ಟಿದ್ದಾಳೆ.

ನನ್ನ ಬುಧವಾರದ ಹೊಲಿಗೆ ಕ್ಲಾಸಿಗೆ ಬಂದು ಕೂತಿದ್ದ ನಿಮ್ಮ ಅಕ್ಕ ನಿಮಗೆ ಮುಟ್ಟಿಸಿದ ಸುದ್ದಿ ನಿಜ. ಹೆಂಗಸರು ಹೊಲಿಯುವಾಗ ನಾನು ಕಥೆ ಹೇಳುತ್ತೇನೆ. ಸತ್ಯವೇದದ ಕಾನಾ ಊರಿನ ಮದುವೆಯನ್ನು ಇಲ್ಲೇ ಪಕ್ಕದ ಸಂಶಿಗೆ ತಂದೆ. ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿತು, ಯೇಸುಸ್ವಾಮಿ ಆರು ಬಾನಿ ನೀರನ್ನು ದ್ರಾಕ್ಷಾರಸ ಮಾಡಿದ ಎನ್ನಬೇಕಾದ ಕಡೆ ಮಜ್ಜಿಗೆ ಎಂದೆ. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನರ ಗಂಡಂದಿರು ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಾರೆ. ಇನ್ನೇನು ಹೇಳಲಿ?

ಆದರೆ ರೇವವ್ವ ಸೂಜಿ ಕೆಳಗಿಟ್ಟು ಕೇಳಿದಳು: "ಮಜ್ಜಿಗಿ ತೀರಿದ್ರ ಬಾಜೂ ಮನಿಗೆ ಚರಿಗಿ ಕಳಸ್ತೀವ್ರಿ ಬಾಯಾರ. ಅಷ್ಟಕ್ಕ ದೇವರಿಗ್ಯಾಕ ತ್ರಾಸ ಕೊಡೂದು?"

ಮರುವಾರ ಮಜ್ಜಿಗೆ ತೆಗೆದು ತುಪ್ಪ ಹಾಕಿದೆ. ಆಗ ಕಥೆ ತಾನಾಗಿ ಓಡಿತು. ಮದುವೆಯ ಮೇಲ್ವಿಚಾರಕ ತುಪ್ಪದ ರುಚಿ ನೋಡಿ, ಎಲ್ಲರೂ ಮೊದಲನೇ ಪಂಕ್ತಿಗೆ ಒಳ್ಳೇ ತುಪ್ಪ ಬಡಿಸಿ ಕಡೇ ಪಂಕ್ತಿಗೆ ಡಾಲ್ಡಾ ಹಾಕುತ್ತಾರೆ, ನೀನು ಒಳ್ಳೆಯದನ್ನು ಈವರೆಗೂ ಇಟ್ಟಿದ್ದೀಯಲ್ಲ ಎಂದು ಮದುಮಗನಿಗೆ ಹೇಳಿದನೆಂದೆ. ಹೆಂಗಸರು ನಕ್ಕರು. ಮದುವೆಗಳಲ್ಲಿ ರೊಟ್ಟಿ ಬಡಿಯಲು ಹೋಗುವ ಫಕೀರವ್ವ ಮಾತ್ರ ನಗಲಿಲ್ಲ. "ಕಡೀ ಪಂಕ್ತ್ಯಾಗ ಉಣ್ಣಾವ್ರು ನಾವಲ್ರಿ. ಹಂಗಾರ ಅದು ನಮಗ ಮುಟ್ಟಿತು," ಅಂದಳು. ಚಿಕ್ಕಂದಿನಿಂದ ಓದಿದ ವಚನ ನನಗೆ ಅವತ್ತು ಅರ್ಥವಾಯಿತು. ಇದನ್ನು ನಿಮ್ಮ ಪಟ್ಟಿಯಲ್ಲಿ ಯಾವ ತಪ್ಪಿನ ಕೆಳಗೆ ಬರೆಯುತ್ತೀರೋ ನೋಡೋಣ.

ಈಗ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ದ್ರಾಕ್ಷಾರಸ ತೆಗೆದದ್ದು ಬರೀ ಆ ಹೆಂಗಸರ ಸಲುವಾಗಿ ಅಲ್ಲ. ಕುಡಿದು ಬಂದಾಗಲೆಲ್ಲ ನೀವು ಕಾನಾ ಊರಿನ ಕಥೆ ಹೇಳುತ್ತಿದ್ದಿರಿ, ಸ್ವಾಮಿಯೇ ಮಾಡಿಕೊಟ್ಟದ್ದು ಎಂದು. ಅದನ್ನು ನಿಮ್ಮ ಕೈಯಿಂದ ಕಸಿದುಕೊಳ್ಳಬೇಕೆಂಬ ಹಟ ನನಗಿತ್ತು. ಸಿಟ್ಟು ಇನ್ನೂ ಹೋಗಿಲ್ಲ.

ನಿಮ್ಮ ನಾಲ್ಕನೇ ಪುಟ ಓದುವತನಕ ಹೋಗಿರಲಿಲ್ಲ ಎಂದು ತಿದ್ದಿಕೊಳ್ಳಿ. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು ಎಂದು ಬರೆದಿದ್ದೀರಿ. ಅದರ ಕೆಳಗೆ, "ದ್ರಾಕ್ಷಾರಸವನ್ನು ಇದ್ದಲ್ಲೇ ಇರಗೊಡು ಮಾರ್ಥಾ, ತಪ್ಪು ನನ್ನದಿತ್ತು, ಅದರದಲ್ಲ" ಎಂದಿದ್ದೀರಿ. ಇಷ್ಟು ವರ್ಷದಲ್ಲಿ ತಪ್ಪು ನಿಮ್ಮದೆಂದು ನೀವು ಹೇಳಿದ್ದು ಇದೇ ಮೊದಲು. ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಓದಿ ಅತ್ತೆ, ಅಷ್ಟು ಸಾಕು.

ಬರುವ ಬುಧವಾರ ಪುಸ್ತಕದಲ್ಲಿದ್ದಂತೆಯೇ ಹೇಳುತ್ತೇನೆ, ದ್ರಾಕ್ಷಾರಸ ಸಮೇತ. ಕಡೇ ಪಂಕ್ತಿಯನ್ನು ಮಾತ್ರ ಬಿಡುವುದಿಲ್ಲ, ಫಕೀರವ್ವ ಬಿಡಗೊಡುವುದಿಲ್ಲ.

ನನ್ನ ಆರೋಗ್ಯ ಅಗದಿ ನೆಟ್ಟಗಿದೆ. ಬೇಸರವೇನೂ ಇಲ್ಲ. ಶಾಲೆ, ಹೊಲಿಗೆ, ಹೆಂಗಸರ ಮಾತು, ಇದರಲ್ಲೇ ದಿನ ಹೋಗುತ್ತದೆ. ನೀವು ಬರುತ್ತೇನೆಂದು ನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ. ನಾನು ಅದನ್ನು ಹುಡುಕಲೂ ಇಲ್ಲ.

ಇಂತಿ, ನಿಮ್ಮ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳದ
ಮಾರ್ಥಾ

ತಾ.ಕ.: ಮೊನ್ನೆ ಕ್ಲಾಸಿನಲ್ಲಿ ಗಂಡನ ಪತ್ರ ಓದಿರೆಂದು ಹೆಂಗಸರು ಗಂಟುಬಿದ್ದರು. ಓದಿದೆ. ಓದುತ್ತ ಓದುತ್ತ ಕೊನೆಗೆ ಒಂದು ಸಾಲು ನಾನೇ ಸೇರಿಸಿದೆ: "ಬರುವ ಬುಧವಾರ ಮಧ್ಯಾಹ್ನದ ಗಾಡಿಗೆ ಗುಡಗೇರಿಗೆ ಬರುತ್ತೇನೆ, ನನ್ನನ್ನು ಒಳಗೆ ಕರೆದುಕೋ." ಎಲ್ಲರೂ ಸ್ಟೇಷನ್ನಿಗೆ ಬರುತ್ತೇವೆಂದು ನಿಂತಿದ್ದಾರೆ. ಉಳಿದದ್ದನ್ನೆಲ್ಲ ತಿದ್ದಿರಿ, ಆ ಒಂದು ಸಾಲನ್ನು ತಿದ್ದಬೇಡಿರಿ.