ಹಗುರಕಾಲಿನ ಮಕ್ಕಳ ಚೀಲ

ಜೇನುಮಂಡೆ ಬೆಟ್ಟದ ಬುಡ,
ಇಸವಿ ಎರಡು ಸಾವಿರದ ಇನ್ನೂರ ಹದಿನಾರು, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ಮಕ್ಕಳನ್ನು ಬೆಟ್ಟದ ತುದಿಗೆ ಕರೆದೊಯ್ಯಲು ಚೀಲ ತುಂಬುತ್ತಿರುವ ತಾಯಿಗೆ ದೊಡ್ಡಹೊನ್ನಮ್ಮ ಬರೆಯುವುದು. ನೀನು ಹೊರಟ ಸುದ್ದಿ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಇಳಿದು ಬಂದಿದೆ. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ನನಗೆ ಎಪ್ಪತ್ತಾಯಿತು, ನೀನಿನ್ನೂ ಮೂವತ್ತರ ಹುಡುಗಿ. ಮಗಳೇ ಅಂತಲೇ ಕರೆಯುತ್ತೇನೆ. ನಾಲ್ಕನೆಯ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ಎರಡನೆಯ ಬೇಸಿಗೆ ಎಂದರೆ ನೀವು ಕಾರ್ತಿಕ ಎನ್ನುತ್ತಿದ್ದ ಕಾಲ. ಈಗ ಅದರಲ್ಲಿ ಚಳಿಯೇ ಇಲ್ಲ, ಹೆಸರು ಇಟ್ಟುಕೊಂಡು ಏನು ಮಾಡುವುದು?

ನಮ್ಮೂರಿಗೆ ನೀರು ಬರುವುದು ಬೆಟ್ಟದ ತುದಿಯ ಒಂದೇ ಒರತೆಯಿಂದ. ವರ್ಷಕ್ಕೊಮ್ಮೆ ಅದರ ಬಾಯಿಗೆ ಕಟ್ಟಿದ ಕಲ್ಲುಮಣ್ಣು ತೆಗೆಯದಿದ್ದರೆ ಇನ್ನೂರು ಮನೆಯ ಕೊಡಗಳು ಒಣಗುತ್ತವೆ. ಆದರೆ ದೊಡ್ಡವರು ಈಗ ಬೆಟ್ಟ ಹತ್ತುವ ಹಾಗಿಲ್ಲ. ನೀನು ಹತ್ತಿ ಬಂದ ಮೇಲೆ ನಿಮ್ಮವರು ಕಾಲು ನೋಯದೆ ತುದಿ ನೋಡಬೇಕೆಂದು ಅದರ ಹೊಟ್ಟೆ ಸೀಳಿ ಜೀಪಿನ ದಾರಿ ಮಾಡಿದರು, ಅಂದಿನಿಂದ ಮಳೆ ಮಳೆಗೂ ಜರಿದು ಈಗ ಹಿಟ್ಟಿನ ರಾಶಿಯ ಹಾಗೆ ನಿಂತಿದೆ. ಹಾರುಬಂಡಿ ಇಳಿಸಿದರೆ ಅದರ ಅದುರಾಟಕ್ಕೇ ಕುಸಿಯುತ್ತದೆ. ಅದಕ್ಕೇ ಹಗುರಕಾಲಿನವರನ್ನು ಕಳಿಸುತ್ತೇವೆ. ಮೈಯೂ ಚೀಲವೂ ಸೇರಿ ಇಪ್ಪತ್ತೈದು ಕಿಲೊ ದಾಟದವರು ಹಗುರಕಾಲಿನವರು. ಎಂದರೆ, ಮಕ್ಕಳು. ಬುಡದಲ್ಲಿರುವ ತೂಕಗಟ್ಟೆಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿ ಮೇಲೆ ಬಿಡುತ್ತಾರೆ. ಎರಡು ದಿನದ ದಾರಿ. ನಡೆಯುವುದು ಅವರು, ತಯಾರಿ ನಮ್ಮದು: ಪುಟ್ಟ ಗುದ್ದಲಿ, ತೆಳು ಕಂಬಳಿ, ಒಂದು ಬಾಟಲಿ ನೀರು, ಎರಡು ಹಿಡಿ ಹುರಿಹಿಟ್ಟು. ಅಂಗಿಯ ಗುಂಡಿಯನ್ನೂ ಕಿತ್ತು ತೂಕ ಇಳಿಸುತ್ತೇವೆ.

ಹೋದ ವರ್ಷ ನನ್ನ ಮೊಮ್ಮಗ ಗಿರಿಯಣ್ಣನ ಸರದಿ. ಎಂಟು ವರ್ಷದವನು. ಮುಳ್ಳು ಸರಿಯಾಗಿ ಇಪ್ಪತ್ತೈದಕ್ಕೆ ನಿಂತಿತು. ಅವನು ಕಟ್ಟೆ ಇಳಿದ ಮೇಲೆ ಮುದ್ದು ಮಾಡುವ ನೆಪದಲ್ಲಿ, ಸೆರಗಿನಲ್ಲಿದ್ದ ಕಡಲೆಕಾಯಿ ಉಂಡೆಯ ಗಂಟನ್ನು ಚೀಲಕ್ಕೆ ತುರುಕಿದೆ. "ಭಾರ ಆಗ್ತದೆ ಕಣಜ್ಜೀ" ಅಂದ. "ಮುಚ್ಕೊಂಡು ಹೋಗೋ, ಹಸ್ಕೊಂಡ್ರೆ ನಿಮ್ಮಪ್ಪ ಮೇಲೆ ಬಂದು ಉಣ್ಣಿಸ್ತಾನಾ?" ಅಂದೆ. ನಾನು ಅವನಿಗೆ ಆಡಿದ ಕೊನೆಯ ಮಾತು ಅದು. ಎರಡನೆಯ ತಿರುವಿನಲ್ಲಿ ಅವನ ಕಾಲ ಕೆಳಗಿನ ಮಣ್ಣು ಜಾರಿತು. ಅರ್ಧ ಕಿಲೊ ಉಂಡೆಗೆಲ್ಲ ಬೆಟ್ಟ ಕುಸಿಯುವುದಿಲ್ಲ ಎಂದು ಊರವರು ಸಮಾಧಾನ ಹೇಳುತ್ತಾರೆ. ಅವರು ಹೇಳಿ ಏನು ಪ್ರಯೋಜನ? ಬೆಟ್ಟ ಬಂದು ಹೇಳಲಿಲ್ಲ.

ಈ ವರ್ಷ ಅವನ ತಂಗಿ ಲಕ್ಕಿಯ ಸರದಿ. ನಾಳೆ ಬೆಳಿಗ್ಗೆ. ತೂಕ ಮೀರಿದರೆ ಕಳಿಸುವಂತಿಲ್ಲವಲ್ಲ, ಹಾಗಾಗಿ ಒಂದು ತಿಂಗಳಿಂದ ಕದ್ದುಮುಚ್ಚಿ ಮುದ್ದೆಗೆ ಬೆಣ್ಣೆ ಹಾಕಿ ತಿನ್ನಿಸಿದೆ. ಸೊಸೆ ಕಂಡೂ ಕಾಣದವಳಂತೆ ಬೆಣ್ಣೆ ಡಬ್ಬಿ ತುಂಬಿಸಿಟ್ಟಳು. ಮೊನ್ನೆ ಮುಳ್ಳು ಇನ್ನೇನು ದಾಟಲಿತ್ತು. ಇವತ್ತು ಊಟಕ್ಕೆ ಕೂತವಳು ಕೇಳಿದಳು: "ಅಜ್ಜೀ, ನಾನು ದಪ್ಪ ಆದ್ರೆ ನನ್ ಬದ್ಲು ಯಾರ್ ಹೋಗ್ತಾರೆ?"

"ತಿನ್ನೇ ಸುಮ್ನೆ, ಊರ ಯಜಮಾನಿ ಇವಳು!"

"ಪಕ್ಕದ್ಮನೆ ಸಿದ್ದಿ ಹೋಗ್ಬೇಕು. ಅವಳಿಗೆ ಐದೇ ವರ್ಷ ಅಜ್ಜೀ. ಗುದ್ಲಿ ಎತ್ತೋಕೂ ಬರಲ್ಲ."

ಅವಳ ತಟ್ಟೆಯಿಂದ ಅರ್ಧ ಮುದ್ದೆಯನ್ನು ನಾನೇ ಮುರಿದು ಪಕ್ಕಕ್ಕಿಟ್ಟೆ.

ಮಗಳೇ, ನಿನ್ನ ಬೆಟ್ಟ ಇನ್ನೂ ಗಟ್ಟಿಯಾಗಿದೆ. ದಾರಿ ಅಗೆಯುತ್ತೇವೆಂದು ಯಾರಾದರೂ ಬಂದರೆ ಅಡ್ಡ ಮಲಗು ಎನ್ನಬೇಕೆಂದಿದ್ದೆ. ಅದು ನಿಮ್ಮಿಂದ ಆಗಲಿಲ್ಲ. ಅದಕ್ಕೆ ನಾನೇ ಸಾಕ್ಷಿ. ಆದ್ದರಿಂದ ನಿನ್ನ ಕೈಲಿ ಆಗುವುದನ್ನಷ್ಟೇ ಕೇಳುತ್ತೇನೆ. ಅರ್ಧ ದಾರಿಯಲ್ಲಿ ನಿನ್ನ ಕೂಸು ಕಾಲು ನೋಯುತ್ತದೆ, ಎತ್ತಿಕೊ ಎಂದು ಹಟ ಹಿಡಿಯುತ್ತದೆ. ಆ ಹೊತ್ತಿಗೆ ನಿನಗೂ ಸೊಂಟ ಹಿಡಿದಿರುತ್ತದೆ, ಸಿಟ್ಟು ಬರುತ್ತದೆ. ಬೈಯಬೇಡ. ಎತ್ತಿಕೊ. ನಾಳೆ ಲಕ್ಕಿ ಅತ್ತರೆ, ಎತ್ತಿಕೊಳ್ಳಲು ಇಡೀ ಬೆಟ್ಟದ ಮೇಲೆ ದೊಡ್ಡವರೆಂಬುವವರು ಒಬ್ಬರೂ ಇರುವುದಿಲ್ಲ.