ಅಪ್ಪನಿಗೆ ಉಳಿದ ಒಂದೇ ಮಾತು

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ತಂಗಿ,

ಹೇಗಿದ್ದೀಯ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದು.

ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದ ಮೇಲೆ ಅಪ್ಪನ ಬಾಯಲ್ಲಿ ಉಳಿದಿರುವುದು ಒಂದೇ ಮಾತು, ಅದೂ ಇಂಗ್ಲಿಷಿನದು: ‘ರೈಟ್’. ಬಸ್ಸಿನ ಬಾಗಿಲಲ್ಲಿ ನಿಂತು ಜೀವಮಾನವಿಡೀ ಕೂಗಿದ ಮಾತು. ಪಾರ್ಶ್ವವಾಯು ಮಿಕ್ಕಿದ್ದನ್ನೆಲ್ಲ ಗುಡಿಸಿಕೊಂಡು ಹೋಗಿ ಇದನ್ನು ಮಾತ್ರ ಏಕೆ ಬಿಟ್ಟಿತೋ. ತೀರಾ ರೂಢಿಯಾದದ್ದು ಹೀಗೆ ಉಳಿಯುವುದುಂಟು ಎಂದರು, ಮಾತು ಕಲಿಸಲು ಬರುವ ಟೀಚರ್.

ಸ್ಕೂಲಿನಲ್ಲಿ ಈ ಪದಕ್ಕೆ ಸರಿ, ಬಲಗಡೆ, ಹಕ್ಕು ಎಂದೆಲ್ಲ ಉರುಹೊಡೆದವಳು ನಾನು. ಅಪ್ಪನ ಅರ್ಥಗಳೇ ಬೇರೆ. ಮೋಟಾಗಿ ಅಂದರೆ ಕಾಫಿ ಆರಿದೆ. ಎಳೆದು ಅಂದರೆ ಕಿಟಕಿ ತೆಗೆ. ಕೊನೆಗೆ ದನಿ ಏರಿದರೆ, ನಿನ್ನ ಊಟ ಆಯಿತೇ ಎಂಬ ಪ್ರಶ್ನೆ. ನನಗೆ ಬೇಕಾದ ಅರ್ಥವನ್ನು ನಾನೇ ತುಂಬಿಕೊಳ್ಳುತ್ತಿದ್ದೇನೋ ಎಂಬ ಅನುಮಾನವೂ ಇದೆ. ಎರಡು ಸಲ ಬೇಗಬೇಗ ಅಂದರೆ ಮಾತ್ರ ಅನುಮಾನವಿಲ್ಲ, ಗಾಡಿ ಹೊರಡಲಿ ಎಂದೇ. ಮೊನ್ನೆ ಮೇಲಿನ ಮನೆಯ ಆಂಟಿ ಬಂದು ಸಲಹೆಯ ಮೇಲೆ ಸಲಹೆ ಕೊಟ್ಟರು. ಅಪ್ಪ ‘ರೈಟ್ ರೈಟ್’ ಅಂದಷ್ಟೂ ಅವರಿಗೆ ಉತ್ಸಾಹ. “ನೋಡು, ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ ನಿಮ್ಮಪ್ಪ” ಎಂದು ಇನ್ನಷ್ಟು ಹೊತ್ತು ಕೂತರು. ನಿನ್ನ ಭಾವ ನಗು ತಡೆಯಲಾರದೆ ಬಚ್ಚಲಿಗೆ ಓಡಿದರು.

ಹೋದ ವಾರ ಟೀಚರ್ ಹೊಸದೊಂದು ಹೇಳಿದರು. ಆ ಪದಕ್ಕೆ ನಾವೆಲ್ಲ ಓಡಿ ಬರುವುದರಿಂದ ಅಪ್ಪನಿಗೆ ಬೇರೆ ಮಾತು ಬೇಕೆನಿಸುತ್ತಿಲ್ಲವಂತೆ. ಇನ್ನು ಬೆಳಗಿನ ಹೊತ್ತು ಅದಕ್ಕೆ ಯಾರೂ ಓಗೊಡಬಾರದು. ಇರುವುದೊಂದನ್ನೂ ಕಸಿದುಕೊಂಡು, ಬೇರೆಯದು ಬಾರದೇ ಹೋದರೆ ಎಂದು ಕೇಳಿದೆ.

“ಬರದೇ ಇರಬಹುದು. ಅದನ್ನ ನಾನು ಮುಚ್ಚಿಡಲ್ಲ” ಅಂದರು.

ನಿನ್ನ ಭಾವ ಬೇಡವೆಂದರು. ಅಪ್ಪನನ್ನೇ ಕೇಳಿದೆ. ‘ರೈಟ್’ ಅಂದರು. ಒಪ್ಪಿದರೋ ಬೈದರೋ. ಒಪ್ಪಿದರೆಂದುಕೊಂಡು ಶುರುಮಾಡಿದೆ.

ಪಕ್ಕದಲ್ಲೇ ಬಟ್ಟೆ ಮಡಿಸುತ್ತ ಕಿವುಡಿಯಂತೆ ಕೂರುವುದು ಎಷ್ಟು ಕಷ್ಟ ಗೊತ್ತೇ? ಅಪ್ಪ ಕರೆದು ಕರೆದು ಗೋಡೆಯ ಕಡೆ ಹೊರಳಿದರು. ಎರಡು ದಿನ ಆ ಕರೆಯೂ ನಿಂತಿತು. ಬಿಟ್ಟುಬಿಡೋಣ ಅನ್ನಿಸಿತು. ಆದರೆ ಅವರ ತುಟಿಗಳು ಏನನ್ನೋ ತಡಕಾಡುತ್ತಿದ್ದವು. ಅದು ಯಾವ ಮಾತಿರಬಹುದೆಂಬ ಕುತೂಹಲ ನನ್ನನ್ನು ಅಲ್ಲೇ ಕೂರಿಸಿತು.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಬೆನ್ನುನೋವು ಬೇಗ ಬಿಡಲಿ, ಮನೆ ನಗುನಗುತ್ತಿರಲಿ.

ನಿನ್ನ
ಅಕ್ಕ

ವಿ.ಸೂ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಉಗುರು ಕತ್ತರಿಸುತ್ತಿದ್ದಾಗ ಅಪ್ಪನಿಗೆ ಎರಡನೆಯ ಮಾತು ಬಂತು. ‘ಗುಬ್ಬಿ.’ ಹಾಗೆ ಕರೆಯುತ್ತಿದ್ದದ್ದು ನಿನ್ನೊಬ್ಬಳನ್ನೇ. ಇಂಗ್ಲಿಷ್ ಸ್ಕೂಲಿಗೆ ಸೇರಿಸಿದ ದಿನದಿಂದ ನಾನು ಅವರಿಗೆ ‘ಮೇಡಂ’. ನನ್ನ ಮುಖ ನೋಡಿಕೊಂಡೇ ಅಂದರು, ಕೈ ಹಿಡಿದುಕೊಂಡು ಮತ್ತೆ ಅಂದರು. ತಪ್ಪು ಹೆಸರು ಬಂದರೆ ಅಲ್ಲೇ ತಿದ್ದಬೇಕೆಂದು ಟೀಚರ್ ಹೇಳಿದ್ದಾರೆ. ನಾನು “ಏನಪ್ಪಾ” ಅಂದೆ. ೨೩ರ ಭಾನುವಾರ ಬರುತ್ತೇನೆಂದು ಬರೆದಿದ್ದೀಯಲ್ಲ, ಇನ್ನೊಂದು ವಾರ ಬಿಟ್ಟು ಬಾ.