ಜಗಲಿಯ ಮೇಲೆ ಕಾಲು ಮಡಚಿದವರಿಗೆ

ದೊಡ್ಡಮೆಳೆ, ಪಾಲಾರ್ ಬಯಲು
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ಎರಡನೇ ತಿಂಗಳ ಮೂವತ್ತನೇ ದಿನ

ದೊಡ್ಡಮೆಳೆಯ ಹಾದಿಬದಿ ಮನೆಯ ಜಗಲಿಯ ಮೇಲೆ ಕೂತು ಚೌಕಾಬಾರ ಆಡುತ್ತಿರುವ ಹಿರಿಯರಿಗೆ ಗಂಗುಲಮ್ಮ ಬರೆಯುವುದು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ, ಸತ್ತವರನ್ನು ನೆನೆದು ಸುಮ್ಮನೆ ಕೂರಲು ಬಿಟ್ಟುಕೊಂಡಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. 'ಮಾನ್ಯರೇ' ಎಂದು ಶುರುಮಾಡದಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಗೆಳೆಯರ ಕೂಟದವರಾದ ನಾವು ಯಾರನ್ನೂ ಬಿರುದು ಹಚ್ಚಿ ಕರೆಯುವವರಲ್ಲ. ಆ ರೂಢಿ ಇದ್ದಿದ್ದರೂ ನಿಮಗಾಗಿ ನನ್ನ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ.

ಗೆಳೆಯರ ಕೂಟ ಎಂದರೆ, ನಿಮ್ಮ ಕಾಲದಲ್ಲಿ ಕ್ವೇಕರರು ಎನ್ನುತ್ತಿದ್ದರಲ್ಲ, ಅವರ ದಾರಿ ಹಿಡಿದವರು. ಕುಡಿಯುವ ನೀರಿಲ್ಲದೆ ಈ ಸೀಮೆ ಬರಿದಾದಾಗ ಅವರಲ್ಲಿ ಕೆಲವರು ಗುದ್ದಲಿ, ಹಗ್ಗ ಹಿಡಿದುಕೊಂಡು ಇಲ್ಲಿಗೆ ಬಂದರು. ಉಪದೇಶ ಮಾಡುತ್ತ ಕೂರದೆ ಬಾವಿ ತೊಳೆಯಲು ನಿಂತರು. ಜೊತೆಗೆ ಕೈಹಾಕಿದ ನಮ್ಮ ಅಜ್ಜಿಯರು ಹಾಗೇ ಅವರ ಪಕ್ಕ ಕೂರುವುದನ್ನೂ ಕಲಿತರು. ನಮ್ಮಲ್ಲಿ ಪೂಜಾರಿಯಿಲ್ಲ, ಮೂರ್ತಿಯಿಲ್ಲ, ಹಾಡಿಲ್ಲ. ಎಲ್ಲರೊಳಗೂ ಒಂದು ಬೆಳಕಿದೆ ಎಂದು ನಂಬುತ್ತೇವೆ. ಅದು ಏನು ಹೇಳುತ್ತದೋ ಕೇಳೋಣವೆಂದು ಬೆಳಿಗ್ಗೆ ಒಟ್ಟಿಗೆ ಕೂತು ಸುಮ್ಮನಿರುತ್ತೇವೆ. ಹೇಳಲೇಬೇಕು ಅನ್ನಿಸಿದವರು ಎದ್ದು ಹೇಳುತ್ತಾರೆ. ಆಮೇಲೆ ಕೂಟದ ಹಿರಿಯರು ಪಕ್ಕದವರ ಕೈ ಹಿಡಿಯುತ್ತಾರೆ, ಅವರು ತಮ್ಮ ಪಕ್ಕದವರ ಕೈ. ಹೀಗೆ ಕೊನೆಯ ಕೈ ಸೇರಿದಾಗ ಕೂಟ ಮುಗಿಯುತ್ತದೆ. ಒಂದು ಕೈ ಸೇರದಿದ್ದರೂ ಮುಗಿಯುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೈ ಕುಲುಕಿ ಎದ್ದರೆ ನೇರ ಕೆಲಸಕ್ಕೆ. ನಮಗೆ ಪ್ರಾರ್ಥನೆ ಬೇರೆ, ಕೆಲಸ ಬೇರೆ ಎಂದಿಲ್ಲ. ನೀವು ಕೊರೆಸಿ, ನೀರು ಬತ್ತಿದ ಮೇಲೆ ಬಾಯಿ ತೆರೆದು ಬಿಟ್ಟುಹೋದ ಬೋರ್‌ವೆಲ್‌ಗಳಿವೆಯಲ್ಲ, ಅವುಗಳೊಳಗೆ ಬಣ್ಣದ ಕಾರ್ಖಾನೆಯ ಟ್ಯಾಂಕರುಗಳು ಹೊಲಸು ನೀರು ಸುರಿದು ಹೋದವು. ಅದು ನೆಲದ ಹೊಟ್ಟೆಯಲ್ಲೇ ಕೂತಿದೆ. ನಾವು ಅದನ್ನು ಮೇಲೆತ್ತುತ್ತೇವೆ. ಲಾವಂಚ ಬೆಳೆದ ಮಡಿಗಳ ಮೇಲೆ ಹರಿಸಿ, ಇದ್ದಿಲಿನಲ್ಲಿ ಸೋಸಿ, ತಿಳಿಯಾದದ್ದನ್ನು ಮತ್ತೆ ಒಳಕ್ಕೆ ಬಿಡುತ್ತೇವೆ. ಮೇಲೆತ್ತಿದ ನೀರು ಮೊದಮೊದಲು ನೇರಳೆ ಬಣ್ಣ, ಆಮೇಲೆ ಚಹಾದ ಬಣ್ಣ. ಒಂದು ಬಾವಿ ಬಿಳಿಯಾಗುವಷ್ಟರಲ್ಲಿ ತೊಳೆಯುವವರ ತಲೆಯೂ ಬಿಳಿಯಾಗಿರುತ್ತದೆ. ವಿಷ ಹೀರಿದ ಲಾವಂಚದ ಬೇರನ್ನು ಕಿತ್ತು ಸುಡುವ ಹಾಗಿಲ್ಲ, ಹೂಳುವ ಹಾಗಿಲ್ಲ. ಊರಾಚೆ ಕಲ್ಲಿನ ಕೋಣೆ ಕಟ್ಟಿ ಒಟ್ಟಿದ್ದೇವೆ, ಅದಕ್ಕೆ ಕಾವಲು ಬೇರೆ. ನೀವು ಧಾನ್ಯಕ್ಕೆ ಕಣಜ ಕಟ್ಟುತ್ತಿದ್ದಿರಿ. ನಾವು ನಿಮ್ಮ ಹೊಲಸಿಗೆ ಕಟ್ಟಿದ್ದೇವೆ.

ನೀರು ಶುದ್ಧವಾಯಿತೆಂದು ಊರಿಗೆ ಹೇಳುವುದು ಹೇಗೆ? ನಾವು ಆಣೆ ಹಾಕುವುದಿಲ್ಲ. ಆಣೆ ಹಾಕಿದ ದಿನ ನಿಜ ಹೇಳಿ ಉಳಿದ ದಿನ ಸುಳ್ಳು ಹೇಳುವ ಜನ ನಾವಲ್ಲ ಎಂಬುದು ಕೂಟದ ಹಟ. ಅದಕ್ಕೇ 'ತಿಂಗಳಗುಟುಕು' ಬಂತು. ಬಾವಿ ತೊಳೆದವರೇ ಒಂದು ತಿಂಗಳು ಆ ನೀರನ್ನು ಕುಡಿಯಬೇಕು. ಅವರಿಗೆ ಏನೂ ಆಗದಿದ್ದರೆ ಊರು ಕುಡಿಯುತ್ತದೆ. ಹಿರಿಯರು ಶುರುಮಾಡಿದ್ದ ಪಡುವಣ ಹೊಲದ ಬಾವಿಯನ್ನು ತೊಳೆದು ಮುಗಿಸಿದವಳು ನನ್ನ ಮಗಳು ಸುಗುಣ. ಅದರ ನೀರು ತಿಳಿಯಾಗಿತ್ತು, ಅದ್ದಿ ನೋಡುವ ಪರೀಕ್ಷೆಯ ಕಾಗದವೂ ಬಣ್ಣ ತಿರುಗಲಿಲ್ಲ. ನಾನೇ ಚೊಂಬು ತುಂಬಿಸಿ ಕೊಟ್ಟೆ. ಕುಡಿದವಳು ಬಾಯಿ ಒರೆಸಿಕೊಂಡು, "ನೀರು ಸಪ್ಪಗೈತೆ ಕಣಮ್ಮ, ಅಷ್ಟೇ" ಅಂದಳು. ತಿಂಗಳು ತುಂಬುವ ಮೊದಲೇ ಅವಳ ಕಾಲು ಊದಿದವು, ಆಮೇಲೆ ಮುಖ. ಅವಳು ಹೋದಾಗ ಮೂತ್ರಪಿಂಡಗಳು ಒಣಗಿದ ಹುಣಸೆಬೀಜದ ಹಾಗಾಗಿದ್ದವೆಂದು ವೈದ್ಯೆ ಹೇಳಿದರು. ಆ ಬಾವಿಯ ನೀರನ್ನು ಊರು ಕುಡಿಯಲಿಲ್ಲ. ಒಂದು ಊರು ಉಳಿಯಿತು, ನನ್ನ ಮನೆ ಬರಿದಾಯಿತು.

ಅದಾಗಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸುಧನ್ವ ಬಂದ. ನಡುವಯಸ್ಸು ದಾಟಿದವನು, ಒಂಟಿ. ಆ ಬಣ್ಣದ ಕಾರ್ಖಾನೆ ನಡೆಸಿದ ಮನೆತನದವನು ತಾನು ಎಂದು ಬಂದ ದಿನವೇ ಎದ್ದು ನಿಂತು ಹೇಳಿದ. ಬಾವಿ ತೊಳೆಯಲು ಬಿಡಿ ಎಂದು ಕೇಳಿದ. ಕೂಟದಲ್ಲಿ ಅವನಿಗೆ ಜಾಗ ಸಿಕ್ಕಿದ್ದು ನನ್ನ ಪಕ್ಕ. ಆ ಬೆಳಿಗ್ಗೆ ನಮ್ಮ ಹಿರಿಯಳು ಅಕ್ಕಯಮ್ಮ ಕೈ ಕುಲುಕಲು ಶುರುಮಾಡಿದಳು. ಕೈಯಿಂದ ಕೈಗೆ ಬಂದು ಸುಧನ್ವನ ಕೈ ನನ್ನ ಕಡೆ ಚಾಚಿತು. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಗಂಗುಲು, ಕೈ ಕೊಡವ್ವ, ಹೊತ್ತಾತು" ಅಂದಳು ಅಕ್ಕಯಮ್ಮ.

"ಕೈ ಐತೆ. ಕೊಡಾಕಿಲ್ಲ" ಅಂದೆ.

ಅವತ್ತಿನ ಕೂಟ ಇವತ್ತಿಗೂ ಮುಗಿದಿಲ್ಲ. ಜನ ಎದ್ದು ಹೋಗುತ್ತಾರೆ, ಉಣ್ಣುತ್ತಾರೆ, ಬಾವಿಯ ಕೆಲಸಕ್ಕೆ ಹೋಗುತ್ತಾರೆ, ಬೆಳಗಾದರೆ ಮತ್ತೆ ಬಂದು ಅದೇ ಕೂಟದಲ್ಲಿ ಕೂರುತ್ತಾರೆ. ಹಳೆಯ ಕೂಟ ಮುಗಿಯದೆ ಹೊಸದು ಕೂಡುವಂತಿಲ್ಲ. ನಮ್ಮಲ್ಲಿ ಮದುವೆ ನಡೆಯುವುದು ಹೊಸ ಕೂಟದಲ್ಲೇ. ಅಕ್ಕಯಮ್ಮನ ಮೊಮ್ಮಗಳು ಚಂಪಾ ಮೂರು ವರ್ಷದಿಂದ ಕಾಯುತ್ತಿದ್ದಾಳೆ, ದಾರಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನನ್ನನ್ನು ಯಾರೂ ಬೈಯಲಿಲ್ಲ, ಬಲವಂತ ಮಾಡಲಿಲ್ಲ. ಬಲವಂತ ಕೂಟದ ದಾರಿಯಲ್ಲ. ಹೊಡೆಯುವಂತಿಲ್ಲ, ಶಪಿಸುವಂತಿಲ್ಲ, ಆಣೆ ಹಾಕಿ ಹಗೆ ಸಾಧಿಸುವಂತಿಲ್ಲ ಎಂದು ನನ್ನ ಧರ್ಮ ನನ್ನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು. ಕೈ ಕೊಡದಿರುವುದೊಂದನ್ನು ಕಿತ್ತುಕೊಳ್ಳಲು ಮರೆತಿತ್ತು. ಸುಳ್ಳು ಹೇಳುವುದು ನಮಗಾಗದು, ಅದಕ್ಕೇ ಹೇಳುತ್ತೇನೆ: ಪ್ರತಿ ಬೆಳಿಗ್ಗೆ ಅವನ ಚಾಚಿದ ಕೈ ಗಾಳಿಯಲ್ಲಿ ನಿಲ್ಲುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಆದರೆ ಬಾವಿಯಿಂದ ನೀರೆತ್ತುವ ಹಗ್ಗಕ್ಕೆ ಇಬ್ಬರು ಬೇಕು. ಸುಗುಣ ತೊಳೆದ ಬಾವಿಯನ್ನೇ ಮತ್ತೆ ತೊಳೆಯಲು ನಮ್ಮಿಬ್ಬರನ್ನು ಹಾಕಿದರು. ಹಗ್ಗದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು, ನಡುವೆ ಮಾತಿಲ್ಲ. ಮೊನ್ನೆ ನನಗೇ ತಡೆಯಲಾಗಲಿಲ್ಲ.

"ನಿಮ್ಮೋರು ಕಳ್ಳರಂಗೆ ರಾತ್ರಿ ಹೊತ್ತು ಬಂದು ಸುರಿದು ಹೋದ್ರು. ಯಾರಿಗೂ ಗೊತ್ತಾಗದಂಗೆ" ಅಂದೆ.

ಅವನು ಹಗ್ಗವನ್ನು ಗೂಟಕ್ಕೆ ಸುತ್ತಿ ನಿಂತ. "ರಾತ್ರಿ ಅಲ್ಲಕ್ಕ, ಮಟಮಟ ಮಧ್ಯಾಹ್ನ. ನಮ್ಮನೇಲಿ ತಲೆತಲಾಂತರದಿಂದ ಇದನ್ನ ಹೇಳ್ಕೊಂಡು ನಗ್ತಿದ್ರು. ದೊಡ್ಡಮೆಳೆ ಹಾದಿ ತೀರಾ ಸಣ್ಣದು. ಒಂದು ಮನೆ ಜಗಲಿ ಮ್ಯಾಲೆ ಒಬ್ಬರು ಕಾಲು ಇಳಿಬಿಟ್ಕೊಂಡು ಚೌಕಾಬಾರ ಆಡ್ತಿದ್ರಂತೆ. ಟ್ಯಾಂಕರ್ ಬಂದ್ರೆ ಕಾಲು ಮಡಚ್ಕೊಂಡು ದಾರಿ ಬಿಡೋರಂತೆ. ನಾತಕ್ಕೆ ಮೂಗಿಗೆ ಟವಲ್ ಹಿಡ್ಕೊಳೋರು, ಗಾಡಿ ಹೋದ್ಮೇಲೆ ಮತ್ತೆ ಕವಡೆ ಹಾಕೋರು. ಒಂದು ದಿನಾನೂ ಏನು, ಎತ್ತ ಅಂತ ಕೇಳಲಿಲ್ಲವಂತೆ. ಆಟದ ಮನೆಗಳನ್ನ ಜಗಲಿ ಕಲ್ಲಿನಲ್ಲೇ ಕೊರೆದಿತ್ತಂತೆ. ಮೂಲೇಲಿ ಒಂದು ಮೀನೂ ಇತ್ತಂತೆ."

ಮೀನು ಅಂದ ತಕ್ಷಣ ನನ್ನ ಕೈಯಿಂದ ಹಗ್ಗ ಜಾರಿತು. ಆ ಮೀನನ್ನು ನಾನು ಬಲ್ಲೆ, ಎಷ್ಟೋ ಬೆಳಿಗ್ಗೆ ಅದರ ಮೇಲೆ ಬೆರಳಾಡಿಸಿದ್ದೇನೆ. ನಮ್ಮ ಹಳೆಯ ಮನೆ ಬಿದ್ದಾಗ ಅದರ ಜಗಲಿ ಕಲ್ಲನ್ನು ಕೂಟಕ್ಕೆ ತಂದು ಹಾಕಿದ್ದರು. ನಾನು ದಿನವೂ ಕೂರುವುದು ಅದರ ಮೇಲೆಯೇ. ಸುಧನ್ವನಿಗೆ ಕೈ ಕೊಡದೆ ಕೂತಿದ್ದೂ ಅದರ ಮೇಲೆಯೇ.

ಈಗ ನೀವು ಯಾರೆಂದು ನನಗೆ ಗೊತ್ತು. ನನ್ನ ಮುತ್ತಾತನ ಮುತ್ತಾತ ನೀವು. ತಾತ, ನಾವೂ ಸುಮ್ಮನೆ ಕೂರುವ ಜನ, ನೀವೂ ಸುಮ್ಮನೆ ಕೂತವರು. ನಾವು ಕೇಳಿಸಲಿ ಎಂದು ಕೂರುತ್ತೇವೆ, ನೀವು ಕೇಳಿಸದಿರಲಿ ಎಂದು ಕೂತಿರಿ. ಟ್ಯಾಂಕರಿನವನಿಗೆ ಲಾಭವಾದರೂ ಇತ್ತು. ನಿಮಗೆ ಏನಿತ್ತು? ಆಟ ಅರ್ಧಕ್ಕೆ ನಿಲ್ಲದಿದ್ದರೆ ಸಾಕಿತ್ತು. ಅವನನ್ನು ನಾನು ಮೂರು ವರ್ಷ ದ್ವೇಷಿಸಿದೆ. ಆ ದ್ವೇಷವೆಲ್ಲ ನಿಮಗೆ ಸೇರಬೇಕಾದದ್ದು. ಅದರಲ್ಲಿ ಒಂದು ಚೂರೂ ಕಡಿಮೆ ಮಾಡದೆ ನಿಮಗೇ ಕಳಿಸುತ್ತಿದ್ದೇನೆ.

ನಾಳೆ ಬೆಳಿಗ್ಗೆ ಸುಧನ್ವನಿಗೆ ಕೈ ಕೊಡುತ್ತೇನೆ. ಕೂಟ ಮುಗಿಯುತ್ತದೆ, ಚಂಪಾಳ ಮದುವೆಯಾಗುತ್ತದೆ. ಅಕ್ಕಯಮ್ಮ ಇದನ್ನು ಕ್ಷಮೆ ಎಂದುಕೊಂಡು ಅಳುತ್ತಾಳೆ, ಅಳಲಿ. ನಾನು ಮಾತ್ರ ಇನ್ನು ಆ ಕಲ್ಲಿನ ಮೇಲೆ ಕೂರುವುದಿಲ್ಲ, ಬೇರೆ ಯಾರನ್ನೂ ಕೂರಲು ಬಿಡುವುದಿಲ್ಲ. ಅದು ನಿಮ್ಮ ಜಾಗ. ನಿಮ್ಮನ್ನು ನಮ್ಮ ಕೂಟದಲ್ಲಿ ಕೂರಿಸಿಕೊಂಡಿದ್ದೇನೆ ತಾತ, ನೀವು ಬಲ್ಲಿರೋ ಇಲ್ಲವೋ. ದಿನವೂ ಕೈಗಳು ಒಂದೊಂದಾಗಿ ಸೇರಿಕೊಂಡು ನಿಮ್ಮ ಕಲ್ಲಿನವರೆಗೆ ಬರುತ್ತವೆ, ಕಲ್ಲನ್ನು ದಾಟಿ ಆಚೆ ಹೋಗುತ್ತವೆ. ಎಲ್ಲರೂ ಎದ್ದು ಹೋಗುತ್ತಾರೆ. ನಿಮ್ಮ ಕೂಟ ಮುಗಿಯುವುದಿಲ್ಲ. ನಾನು ಸತ್ತರೂ ಮುಗಿಯದ ಹಾಗೆ ನೋಡಿಕೊಳ್ಳುವವರಿಗೆ ಹೇಳಿಟ್ಟಿದ್ದೇನೆ.

ಈ ಕಾಗದವನ್ನು ಪಡುವಣ ಹೊಲದ ಬೋರ್‌ವೆಲ್ಲಿನ ಪೈಪಿನೊಳಗೆ ಬಿಡುತ್ತೇನೆ. ನಿಮ್ಮ ಕಾಲದ ಹೊಲಸು ಆ ದಾರಿಯಲ್ಲೇ ನನಗೆ ತಲುಪಿತು. ನನ್ನ ಕಾಗದವೂ ಆ ದಾರಿಯಲ್ಲೇ ನಿಮಗೆ ತಲುಪಲಿ. ತಲುಪುವ ಹೊತ್ತಿಗೆ ನೀವು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತೀರಿ, ಎದುರಿನವರು ಕವಡೆ ಕುಲುಕುತ್ತಿರುತ್ತಾರೆ. ಹಾದಿಯ ಆ ತುದಿಯಲ್ಲಿ ಟ್ಯಾಂಕರಿನ ಸದ್ದು ಕೇಳುತ್ತದೆ. ಚಾಲಕ ಹಾರ್ನ್ ಹೊಡೆಯುತ್ತಾನೆ, ಪರಿಚಯದವನ ಹಾಗೆ ಕೈ ಬೀಸುತ್ತಾನೆ. ಕ್ಷಮೆ ಕೇಳಬೇಡಿ, ಅದರಿಂದ ನನಗೆ ಏನೂ ಆಗಬೇಕಾಗಿಲ್ಲ. ನಿಮ್ಮ ಕೈ ನನಗೆ ಬೇಡ.

ಕಾಲು ಮಡಚಬೇಡಿ.

ಸುಗುಣಳ ತಾಯಿ
ಗಂಗುಲಮ್ಮ